ಮುಟ್ಟದ ಲಾರಿಗೂ ಹೊಣೆಯುಂಟು

(ಗಿರಣಿ ಬಾಗಿಲ ಸಭೆಯಲ್ಲಿ ಮಾಡಿದ ಭಾಷಣ)



ಎರಡನೆಯ ಪಾಳಿ ಮುಗಿಸಿ ಬೈಕಿನಲ್ಲಿ ಮನೆಗೆ ಹೊರಟಿದ್ದ ನಮ್ಮ ಜೊತೆಗಾರನ ಸಂಗತಿ ನಿಮಗೆ ಗೊತ್ತೇ ಇದೆ. ಎದುರಿನ ಲಾರಿಯೊಂದು ಕಬ್ಬಿನ ಟ್ರಾಕ್ಟರನ್ನು ಹಿಂದೆ ಹಾಕಲು ಹೋಗಿ ಆತನ ಮೈಮೇಲೆಯೇ ನುಗ್ಗಿ ಬಂತು. ಪ್ರಾಣ ಉಳಿಸಿಕೊಳ್ಳಲು ಆತ ಬೈಕನ್ನು ಎಡಕ್ಕೆಳೆದ, ಮೋರಿಗೆ ಬಿದ್ದ, ಕಾಲು ಮುರಿಯಿತು. ಲಾರಿಗೆ ಒಂದು ಗೀರೂ ಆಗಲಿಲ್ಲ. ಹಿಂದಿನಿಂದ ಬಂದ ಇಬ್ಬರು ಅದರ ನಂಬರು ಹೇಳಿ ಹೊರಟುಹೋದರು. ಈಗ ವಿಮೆ ಕಂಪನಿಯವರ ಕಾಗದ ಬಂದಿದೆ: ಲಾರಿ ನಿಮ್ಮನ್ನು ಮುಟ್ಟಿಲ್ಲ, ನೀವಾಗಿಯೇ ಬಿದ್ದಿರಿ, ನಮ್ಮ ಹೊಣೆಯಿಲ್ಲ.

ಮುಟ್ಟದಿದ್ದರೆ ಮೈಲಿಗೆಯಿಲ್ಲ ಎಂಬ ಹಳೆಯ ಶಾಸ್ತ್ರವನ್ನು ಇವರು ರಸ್ತೆಗೂ ತಂದಿದ್ದಾರೆ!

ಕಾನೂನು ಹಾಗೆ ಹೇಳುವುದಿಲ್ಲ. 1988ರ ಮೋಟಾರು ವಾಹನ ಕಾಯಿದೆ ಕೇಳುವುದು ಅಪಘಾತ ವಾಹನದ ಬಳಕೆಯಿಂದ ಉಂಟಾಯಿತೇ ಎಂದು, ಡಿಕ್ಕಿಯಾಯಿತೇ ಎಂದಲ್ಲ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಿಂದೊಮ್ಮೆ ಪೆಟ್ರೋಲು ಟ್ಯಾಂಕರೊಂದು ಲಾರಿಗೆ ತಾಗಿ ರಸ್ತೆ ಪಕ್ಕಕ್ಕೆ ಉರುಳಿತು. ತಾಸುಗಳು ಕಳೆದ ಮೇಲೆ ಅದು ಸ್ಫೋಟಿಸಿ, ಸುತ್ತ ನೆರೆದಿದ್ದ ಜನ ಸುಟ್ಟು ಸತ್ತರು. ಟ್ಯಾಂಕರು ಅವರ ಮೇಲೆ ಹಾಯ್ದಿರಲಿಲ್ಲ, ಬಿದ್ದಲ್ಲೇ ಬಿದ್ದಿತ್ತು. ಆದರೂ ಅದು ವಾಹನದ ಬಳಕೆಯಿಂದಲೇ ಆದ ಅಪಘಾತವೆಂದು ಸುಪ್ರೀಂ ಕೋರ್ಟು 1991ರಲ್ಲಿ ತೀರ್ಪಿತ್ತಿತು.

ಹಾಗೆಂದು ಹಣ ತಾನಾಗಿ ಬರುವುದಿಲ್ಲ. ಪೂರಾ ಪರಿಹಾರಕ್ಕೆ ಚಾಲಕನ ನಿಷ್ಕಾಳಜಿ ತೋರಿಸಬೇಕು. ಕ್ರಿಮಿನಲ್ ಮೊಕದ್ದಮೆಯಷ್ಟು ಬಿಗಿಯಾದ ಪುರಾವೆ ಬೇಕಿಲ್ಲ. ಹೀಗೇ ನಡೆದಿರುವ ಸಂಭವ ಹೆಚ್ಚೆಂದು ನ್ಯಾಯಮಂಡಳಿಗೆ ಕಂಡರೆ ಸಾಕು. ನಮ್ಮವರು ಸೋಲುವುದು ಅದಕ್ಕೂ ಮೊದಲೇ, ದವಾಖಾನೆಯ ಮೇಜಿನ ಮುಂದೆ. ಏನಾಯಿತೆಂದು ಡಾಕ್ಟರು ಕೇಳುತ್ತಾರೆ. ಕರೆತಂದವರು ಗಾಬರಿಯಲ್ಲಿ "ಗಾಡಿಯಿಂದ ಬಿದ್ದ" ಎನ್ನುತ್ತಾರೆ. ಅದೇ ದಾಖಲಾಗುತ್ತದೆ. ವಾರ ಕಳೆದು ಫಿರ್ಯಾದಿಯಲ್ಲಿ ಲಾರಿ ಕಾಣಿಸಿಕೊಂಡರೆ, ಇದು ಆಮೇಲೆ ಹುಟ್ಟಿದ ಲಾರಿ ಎಂದು ಕಂಪನಿ ವಕೀಲರು ನಗುತ್ತಾರೆ. ಅವರ ಸಂಶಯ ಪೂರಾ ಸುಳ್ಳೆಂದು ನಾವೂ ಹೇಳಲಾರೆವು. ಇಲ್ಲದ ವಾಹನವನ್ನು ತಂದು ನಿಲ್ಲಿಸುವ ದಲ್ಲಾಳಿಗಳಿದ್ದಾರೆ. ಅವರ ಪಾಪ ನಿಜವಾಗಿ ಬಿದ್ದವನ ತಲೆಗೆ ಸುತ್ತಿಕೊಳ್ಳುತ್ತದೆ. ಆದ್ದರಿಂದ ಮೊದಲ ಮಾತಿನಲ್ಲೇ ಹೇಳಿರಿ: ಲಾರಿ ಅಡ್ಡ ಬಂತು, ತಪ್ಪಿಸಲು ಹೋಗಿ ಬಿದ್ದೆ. ಅದೇ ದಿನ ಪೊಲೀಸರಿಗೂ ಅದನ್ನೇ ಬರೆದುಕೊಡಿರಿ. ಪಂಚನಾಮೆಯಲ್ಲಿ ಚಕ್ರದ ಗುರುತು, ರಸ್ತೆಯ ಅಗಲ, ಬೈಕು ಬಿದ್ದ ಜಾಗ ಬರಲಿ.

ಅಂಗಡಿ ಮುಂದೆ ಕ್ಯಾಮರಾ ಇಟ್ಟಿರುವ ಮಿತ್ರರೇ, ಅದರೊಳಗಿನ ಚಿತ್ರ ಕೆಲವೇ ದಿನಗಳಲ್ಲಿ ಅಳಿಸಿಹೋಗುತ್ತದೆ. ಕೇಳಿದೊಡನೆ ತೆಗೆದಿಡಿರಿ.

ತಪ್ಪು ಯಾರದೆಂಬ ಪ್ರಶ್ನೆಯಿಲ್ಲದೆ ಸಿಗುವ ಹಣವೂ ಇದೆ. 2022ರ ಏಪ್ರಿಲ್ 1ರಿಂದ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ. ಆದರೆ ಅದನ್ನು ಒಪ್ಪಿ ತೆಗೆದುಕೊಂಡರೆ ಹೆಚ್ಚಿನದಕ್ಕೆ ಹಾಕಿದ ಅರ್ಜಿ ಬಿದ್ದುಹೋಗುತ್ತದೆ, ಅವಸರ ಬೇಡ. ವಾಹನ ಯಾವುದೆಂದೇ ಪತ್ತೆಯಾಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50 ಸಾವಿರ. ನಮ್ಮ ಬೈಕಿನ ಥರ್ಡ್ ಪಾರ್ಟಿ ಪಾಲಿಸಿ ನಮ್ಮ ಕಾಲಿಗೆ ಕೊಡುತ್ತದೆಂದು ನಂಬಿದವರು ಬಹಳ. ಅದು ಎದುರಿನವನಿಗೆ ಮಾತ್ರ.

ಅಪಘಾತದಿಂದ ಆರು ತಿಂಗಳೊಳಗೆ ಅರ್ಜಿ ಹಾಕಬೇಕೆಂದು 2019ರ ತಿದ್ದುಪಡಿ ಹೇಳಿದೆ. ಆ ಗಡುವನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದೆ, ನಿಜ. ಅದನ್ನು ನೆಚ್ಚಿ ಕೂಡಬೇಡಿರಿ. ನೀವು ವಾಸಿಸುವ ಊರಿನ ನ್ಯಾಯಮಂಡಳಿಯಲ್ಲೇ ಅರ್ಜಿ ಹಾಕಬಹುದು. ಲಾರಿಯ ಊರಿಗೆ ಅಲೆಯಬೇಕಾಗಿಲ್ಲ.

ನಮ್ಮ ಜೊತೆಗಾರನ ಚೀಟಿಯಲ್ಲೂ "ಬಿದ್ದು ಗಾಯ" ಎಂದೇ ಇದೆ. ಇನ್ನು ಉಳಿದಿರುವುದು ಕಂಡವರ ಮಾತೊಂದೇ. ಆ ರಾತ್ರಿ ನಂಬರು ಹೇಳಿದ ಇಬ್ಬರು ನಮ್ಮ ಗಿರಣಿಯವರೇ ಎಂದು ಕೇಳಿದ್ದೇವೆ. ಕೋರ್ಟಿಗೆ ಹೋದ ದಿನದ ಕೂಲಿಯನ್ನು ಸಂಘದಿಂದ ಕೊಡುತ್ತೇವೆ. ಸಭೆ ಮುಗಿದ ಮೇಲೆ ಕಚೇರಿಗೆ ಬನ್ನಿರಿ, ವಕೀಲರು ಅಲ್ಲಿಯೇ ಕುಳಿತಿದ್ದಾರೆ.