ಮಲ್ಲಯ್ಯನ ಹಾದಿ



ಶ್ರೀಶೈಲಕ್ಕೆ ಪಾದಯಾತ್ರೆ ಹೊರಟ ಹುಮನಾಬಾದದ ಸದ್ಭಕ್ತರು ಇಂದು ಕಲ್ಯಾಣಕ್ಕೆ ಬಂದು ನಮ್ಮೆದುರು ಕುಳಿತಿದ್ದೀರಿ. ಹೆಗಲ ಮೇಲೆ ಮಲ್ಲಯ್ಯನ ಕಂಬಿ ಇದೆ. ಬುತ್ತಿಯಲ್ಲಿ ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಇವೆ. ತಾಯಂದಿರ ಗಂಟಿನಲ್ಲಿ ಭ್ರಮರಾಂಬೆಗೆ ಉಡಿ ತುಂಬುವ ಸೀರೆ, ಕುಬಸ ಇವೆ. ಆ ತಾಯಿ ಕನ್ನಡ ನಾಡಿನ ಮಗಳು, ಮಲ್ಲಯ್ಯ ನಮ್ಮ ಮನೆಯ ಅಳಿಯ ಎಂಬುದು ನಮ್ಮ ಜನರ ಭಾವನೆ. ಯುಗಾದಿಗೆ ಮಗಳ ಮನೆಗೆ ಬರಿಗೈಯಲ್ಲಿ ಹೋಗಬಾರದೆಂದು ಹಿರಿಯರು ಹಾಕಿಕೊಟ್ಟ ರೂಢಿಯಿದು.

ಮೊನ್ನೆ ಹುಮನಾಬಾದದಲ್ಲಿ ಒಬ್ಬ ತರುಣ ನಮ್ಮನ್ನು ಒಂದು ಪ್ರಶ್ನೆ ಕೇಳಿದ. "ಬುದ್ಧೀ, ಮೈಮೇಲೆ ಇಷ್ಟಲಿಂಗ ಇದೆ. ದೇಹವೇ ದೇವಾಲಯ ಎಂದು ನೀವೇ ಹೇಳುತ್ತೀರಿ. ಮತ್ತೆ ಅಷ್ಟು ದೂರದ ಬೆಟ್ಟಕ್ಕೆ ನಡೆದು ಹೋಗುವುದು ಏತಕ್ಕೆ?" ಪ್ರಶ್ನೆ ಸರಿಯಾಗಿಯೇ ಇದೆ. ಬಸವಣ್ಣನವರ ಕಲ್ಯಾಣದ ಪಕ್ಕದಲ್ಲಿ ಹುಟ್ಟಿದವನು ಅದನ್ನು ಕೇಳದಿದ್ದರೆ ಮತ್ತಾರು ಕೇಳಬೇಕು? ಅಂದು ಅವನಿಗೆ ನಾವು ಶಾಸ್ತ್ರದ ಉತ್ತರ ಕೊಟ್ಟೆವು. ಇಂದು ನಮ್ಮ ಅನುಭವದ ಉತ್ತರವನ್ನು ಹೇಳುತ್ತೇವೆ. ಅದರಲ್ಲಿ ನಮಗೆ ಹೆಮ್ಮೆ ತರುವ ಸಂಗತಿ ಏನೂ ಇಲ್ಲ. ಆದರೂ ಹೇಳಬೇಕು.

ಮೂವತ್ತು ವರ್ಷಗಳ ಹಿಂದಿನ ಮಾತು. ಆಗ ನಾವು ಪಾಠಶಾಲೆಯಲ್ಲಿ ವ್ಯಾಕರಣ ಓದುತ್ತಿದ್ದ ವಟುಗಳು. ನಮಗೊಬ್ಬ ಗೆಳೆಯನಿದ್ದ, ಹುಮನಾಬಾದದ ಸೀಮೆಯವ. ಎರಡು ವರ್ಷ ನಮ್ಮ ಪಕ್ಕದಲ್ಲಿ ಕುಳಿತು ಓದಿ, ತಂದೆ ಲಿಂಗೈಕ್ಯರಾದ ಮೇಲೆ ಪಾಠ ಬಿಟ್ಟು ತೊಗರಿ ಹೊಲಕ್ಕೆ ಹೋದ. ಶಬ್ದರೂಪಗಳು ಅವನಿಗೆ ಕಡೆಯತನಕ ನಾಲಗೆಗೆ ಹತ್ತಲಿಲ್ಲ. ಒಂದು ಯುಗಾದಿಗೆ ನಾವಿಬ್ಬರೂ ಕೂಡಿ ಶ್ರೀಶೈಲಕ್ಕೆ ಹೊರಟೆವು. ಕರ್ನೂಲು, ಆತ್ಮಕೂರಿನವರೆಗೆ ಬಸ್ಸು. ಅಲ್ಲಿಂದ ಮುಂದೆ ವೆಂಕಟಾಪುರ ದಾಟಿದರೆ ನಲ್ಲಮಲೆಯ ಅರಣ್ಯ, ಕಾಲುಹಾದಿ.

ಹೋದವರು ಬಲ್ಲಿರಿ. ಚೈತ್ರದ ಬಿಸಿಲು, ಎಲೆ ಉದುರಿದ ಮರಗಳು, ಕಾಲಡಿ ಕಾದ ಕಲ್ಲು. ನಾಗಲೂಟಿಯಲ್ಲಿ ವೀರಭದ್ರನ ಗುಡಿ ಇದೆ. ನಮ್ಮ ಗೆಳೆಯ ಅಲ್ಲಿ ಕೈಮುಗಿದು, "ನೋಡ್ರಿ ದೇವ್ರ, ನಮ್ಮೂರ ವೀರಭದ್ರ ನಮಗಿಂತ ಮೊದಲೇ ಬಂದು ಕೂತಾನ" ಎಂದು ನಕ್ಕ. ಮುಂದೆ ಪೆದ್ದಚೆರುವು ಎಂಬ ದೊಡ್ಡ ಕೆರೆ. ಅದರಾಚೆಗೆ ಭೀಮನ ಕೊಳ. ಅಲ್ಲಿ ಹಾದಿ ಆಳವಾದ ಕಣಿವೆಗೆ ಇಳಿಯುತ್ತದೆ. ಇಳಿದಷ್ಟನ್ನೂ ಮತ್ತೆ ಕಡಿದಾಗಿ ಹತ್ತಿದರೆ ಕೈಲಾಸದ್ವಾರ. ಆಮೇಲೆ ಹಾದಿ ಸರಾಗ.

ನಾವು ಭೀಮನ ಕೊಳ ಮುಟ್ಟಿದ್ದು ಅಮಾವಾಸ್ಯೆಯ ಮಧ್ಯಾಹ್ನ. ಅಲ್ಲಿ ಬಂಡೆಯ ನೆರಳಿನಲ್ಲಿ ಒಬ್ಬ ಮುದುಕಿ ಕುಳಿತಿದ್ದಳು. ಎರಡೂ ಅಂಗಾಲಿನ ಬೊಬ್ಬೆಗಳು ಒಡೆದಿದ್ದವು. ಸಂಗಡ ಬಂದವರು ಮುಂದೆ ಹೋಗಿದ್ದರು. ಮಡಿಲಲ್ಲಿ ಉಡಿ ತುಂಬುವ ಗಂಟನ್ನು ಬಿಗಿಯಾಗಿ ಹಿಡಿದಿದ್ದಳು. ಯಾರನ್ನೂ ಏನೂ ಬೇಡುತ್ತಿರಲಿಲ್ಲ. ನಮ್ಮ ಗೆಳೆಯ ಅಲ್ಲಿಯೇ ಕುಳಿತ. ನೀರು ತಂದು ಪಾದ ತೊಳೆದ. ತಲೆಗೆ ಸುತ್ತಿದ ಪಟಕ ಹರಿದು ಕಟ್ಟಿದ.

ನಮಗೆ ಅವಸರವಿತ್ತು. ಯುಗಾದಿಯ ಪ್ರಾತಃಕಾಲದಲ್ಲಿ ಮಲ್ಲಿಕಾರ್ಜುನನನ್ನು ಕೈಯಿಂದ ಮುಟ್ಟಿ ರುದ್ರ ಪಠಿಸಬೇಕೆಂದು ಸಂಕಲ್ಪ ಮಾಡಿದ್ದೆವು. "ಹಿಂದೆ ಸಾವಿರಾರು ಜನ ಬರುತ್ತಿದ್ದಾರೆ, ಯಾರಾದರೂ ನೋಡಿಕೊಳ್ಳುತ್ತಾರೆ, ನಡಿ" ಎಂದೆವು. ಆತ ತಲೆ ಎತ್ತದೆ ಹೇಳಿದ: "ಸಾವಿರ ಮಂದಿ ಬರೋದು ಖರೇ. ಅವರೂ ಹಿಂಗೇ ಅಂದ್ರ ಏನ್ ಮಾಡೋದು ದೇವ್ರ? ನೀವು ಮುಂದ ನಡೀರಿ. ನಾ ಆಯಿನ ಕರಕೊಂಡು ಬರ್ತೀನಿ." ನಾವು ನಡೆದೆವು. ಇದನ್ನು ಮುಚ್ಚಿಡುವುದಿಲ್ಲ. ಗೆಳೆಯನನ್ನೂ ಆ ತಾಯಿಯನ್ನೂ ಬಿಟ್ಟು ನಾವು ನಡೆದೆವು.

ರಾತ್ರಿಯೆಲ್ಲ ಸರದಿಯಲ್ಲಿ ನಿಂತೆವು. ಬೆಳಗಿನ ಜಾವ ಲಿಂಗವನ್ನು ಮುಟ್ಟಿದೆವು. ಶ್ರೀಶೈಲದಲ್ಲಿ ಭಕ್ತರು ತಾವೇ ಲಿಂಗವನ್ನು ಮುಟ್ಟಿ ನಮಸ್ಕರಿಸುವ ಸ್ಪರ್ಶದರ್ಶನದ ಪದ್ಧತಿ ಉಂಟು, ನಿಮಗೆ ಗೊತ್ತಿದೆ. ಸಂಕಲ್ಪ ಮಾಡಿದಂತೆ ರುದ್ರ ಹೇಳತೊಡಗಿದೆವು. ಹತ್ತು ವರ್ಷ ಕಂಠಸ್ಥವಾಗಿದ್ದ ಮಂತ್ರ ನಡುವೆ ತಪ್ಪಿತು. ಕೈ ಲಿಂಗದ ಮೇಲಿತ್ತು, ಮನಸ್ಸು ಭೀಮನ ಕೊಳದ ಕತ್ತಲಲ್ಲಿತ್ತು. ಅಮಾವಾಸ್ಯೆಯ ಕಾಡು, ಹುಲಿ ಇರುವ ಕಾಡು. ಹಿಂದಿನ ಜನ ನೂಕಿದರು, ಹೊರಗೆ ಬಂದೆವು.

ಮಧ್ಯಾಹ್ನದ ಹೊತ್ತಿಗೆ ಅವರು ಬಂದರು. ಬಿಸಿಲು ಇಳಿಯುವವರೆಗೆ ಕೊಳದಲ್ಲಿ ಕುಳಿತು, ಹಿಂದಿನಿಂದ ಬಂದ ತಂಡದ ದೀಪದ ಬೆಳಕಿನಲ್ಲಿ ಹತ್ತು ಮೆಟ್ಟಿಲಿಗೊಮ್ಮೆ ಕೂಡುತ್ತ ಬಂದಿದ್ದರು. ಗೆಳೆಯ ಆಕೆಯನ್ನು ಅಮ್ಮನ ಗುಡಿಯ ತನಕ ಕರೆದೊಯ್ದ. ಆಕೆಯ ಜನ ಅಲ್ಲಿ ಸಿಕ್ಕರು. ಅಷ್ಟರಲ್ಲಿ ನಮ್ಮ ಬಸ್ಸಿನ ಹೊತ್ತಾಯಿತು. ಮನೆಯಲ್ಲಿ ದನ ನೋಡುವವರಿಲ್ಲ, ಆತ ನಿಲ್ಲುವಂತಿರಲಿಲ್ಲ. "ನಿನಗೆ ದರ್ಶನವೇ ಆಗಲಿಲ್ಲವಲ್ಲೋ" ಎಂದೆವು. ಆತ ಗೋಪುರಕ್ಕೆ ಕೈಮುಗಿದು, "ಆಯಿ ಉಡಿ ತುಂಬಿ ಬಂದಳ್ರಿ. ಆತಲ್ಲ" ಎಂದ. ಅಷ್ಟೇ ಮಾತು. ಆ ದಿನ ನಾವು ಊಟ ಮಾಡಲಿಲ್ಲ.

ಈಗ ಸೊನ್ನಲಿಗೆಯ ಸಿದ್ಧರಾಮರನ್ನು ನೆನೆಯಿರಿ. ಹುಮನಾಬಾದದ ಮೇಲೆ ಹಾಯುವ ಹೆದ್ದಾರಿಯೇ ಅವರ ಊರಾದ ಸೊಲ್ಲಾಪುರಕ್ಕೂ ಹೋಗುತ್ತದೆ. ಬಾಲಕ ಸಿದ್ಧರಾಮ ಹೊಲದಲ್ಲಿದ್ದಾಗ ಒಬ್ಬ ಜಂಗಮ ಬಂದ. ಎಳೆಯ ತೆನೆ ಕೊಟ್ಟರೆ, ಮೊಸರನ್ನ ಬೇಕೆಂದ. ಹುಡುಗ ಮನೆಗೆ ಓಡಿ ತರುವಷ್ಟರಲ್ಲಿ ಜಂಗಮ ಅಲ್ಲಿರಲಿಲ್ಲ. "ಮಲ್ಲಯ್ಯಾ" ಎಂದು ಅಳುತ್ತಿದ್ದವನನ್ನು ಯಾತ್ರಿಕರು ಶ್ರೀಶೈಲಕ್ಕೆ ಕರೆದೊಯ್ದು ಲಿಂಗವನ್ನು ತೋರಿಸಿದರು. ಇವನು ನನ್ನಲ್ಲಿ ಅನ್ನ ಬೇಡಿದ ಮಲ್ಲಯ್ಯನಲ್ಲ ಎಂದ ಆ ಹುಡುಗ ಕಮರಿಯ ಅಂಚಿಗೆ ಓಡಿದ. ಅಲ್ಲಿ ಮಲ್ಲಯ್ಯ ಬಂದು ಕೈಹಿಡಿದ. ರಾಘವಾಂಕ ಕವಿ ಸಿದ್ಧರಾಮ ಚಾರಿತ್ರದಲ್ಲಿ ಹಾಡಿದ ಕಥೆ ಇದು. ಪಾಠಶಾಲೆಯಲ್ಲಿ ನಾವು ಇದನ್ನು ಓದಿದ್ದೆವು, ಅರ್ಥ ಹೇಳಿ ಗುರುಗಳಿಂದ ಶಹಬ್ಬಾಸ್ ಎನಿಸಿಕೊಂಡಿದ್ದೆವು. ಆದರೆ ಕಣಿವೆಯಲ್ಲಿ ಎದುರಿಗೆ ಕುಳಿತ ಮಲ್ಲಯ್ಯನನ್ನು ಗುರುತಿಸಿದವನು ಶಬ್ದರೂಪ ಬಾರದ ಒಕ್ಕಲಿಗ.

ಸಂಸ್ಕೃತದಲ್ಲಿ 'ಸ್ಥಾ' ಎಂದರೆ ನಿಲ್ಲು, ಅದರಿಂದ ಸ್ಥಾವರ. 'ಗಮ್' ಎಂದರೆ ಹೋಗು, ಅದರಿಂದ ಜಂಗಮ. ನಡೆಯುತ್ತಿದ್ದ ನಾವೇ ಜಂಗಮರು ಎಂದು ನಾವು ತಿಳಿದಿದ್ದೆವು. ಆ ದಿನ ನಮ್ಮ ಕಾಲು ನಡೆಯಿತು, ಮನಸ್ಸು ಕಲ್ಲಾಗಿ ನಿಂತಿತು. ಗೆಳೆಯನ ಕಾಲು ನಿಂತಿತು, ಅಂತಃಕರಣ ನಡೆಯಿತು.

ತರುಣನೇ, ನಿನ್ನ ಪ್ರಶ್ನೆಗೆ ನಮ್ಮ ಉತ್ತರವಿದು. ಬೆಟ್ಟದಲ್ಲಿ ಸಿಗುವ ದೇವರು ನಿನ್ನ ಕರಸ್ಥಲದಲ್ಲಿ ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಮಠದ ಗದ್ದುಗೆಯ ಮೇಲೆ ಕುಳಿತವರಿಗೆ, ಮನೆಯ ಪಡಸಾಲೆಯಲ್ಲಿ ಕುಳಿತವರಿಗೆ ತಮ್ಮ ಭಕ್ತಿಯ ತೂಕ ತಿಳಿಯುವುದಿಲ್ಲ. ದಣಿವು, ನೀರಡಿಕೆ, ಅವಸರ ಇವು ಮೂರೂ ಕೂಡಿದಾಗ ತಿಳಿಯುತ್ತದೆ. ಕಲ್ಯಾಣದಲ್ಲಿ ಅನುಭಾವಿಗಳ ಪರೀಕ್ಷೆಯಲ್ಲಿ ಗೆದ್ದ ಅಕ್ಕಮಹಾದೇವಿ ತಾಯಿಯೂ ಅಲ್ಲಿಗೇ ನಿಲ್ಲಲಿಲ್ಲ, ಶ್ರೀಶೈಲದ ಕದಳಿಯವರೆಗೆ ಒಬ್ಬಳೇ ನಡೆದಳು. ಸಿದ್ಧರಾಮರಾದರೋ ಬೆಟ್ಟದಲ್ಲಿ ಉಳಿಯಲಿಲ್ಲ. ಮಲ್ಲಯ್ಯನ ಅಪ್ಪಣೆಯಂತೆ ಊರಿಗೆ ತಿರುಗಿ ಕೆರೆ ಕಟ್ಟಿದರು. ಆ ಕೆರೆ ಇಂದಿಗೂ ಸೊಲ್ಲಾಪುರದಲ್ಲಿದೆ. ಹೋಗುವುದೂ ಯಾತ್ರೆಯೇ, ತಿರುಗಿ ಬಂದು ಮಾಡುವ ಕಾಯಕವೂ ಯಾತ್ರೆಯೇ.

ಕೆಲವು ವರ್ಷಗಳ ಹಿಂದೆ ಆ ಗೆಳೆಯನನ್ನು ಕರೆಸಿ, ಅಂದು ನಾವು ತಪ್ಪು ಮಾಡಿದೆವು ಎಂದೆವು. ಆತ ತಲೆ ಕೆರೆದುಕೊಂಡು, "ಯಾವ ಆಯಿ ಬುದ್ಧೀ?" ಎಂದ. ಅವನಿಗೆ ಅದು ನೆನಪೇ ಇರಲಿಲ್ಲ. ಅವನು ಮರೆತ, ನಮಗೆ ಮರೆಯಲಾಗಲಿಲ್ಲ. ಮಾಡಿದವನು ಮರೆಯುತ್ತಾನೆ, ಬಿಟ್ಟು ಹೋದವನಿಗೆ ಮರೆವು ಬರುವುದಿಲ್ಲ.

ಆದ್ದರಿಂದ ಹೊರಡುವ ಮುನ್ನ ನಮ್ಮ ಮಾತು ಇಷ್ಟು. ತಂಡದಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರು ಯಾರೋ ಅವರನ್ನು ಮುಂದೆ ಮಾಡಿರಿ, ಗಟ್ಟಿಗರು ಹಿಂದೆ ನಡೆಯಿರಿ. ಇಬ್ಬಿಬ್ಬರು ಜೊತೆಯಾಗಿರಿ, ಜೊತೆಯವರನ್ನು ಬಿಡಬೇಡಿರಿ. ಬಿಸಿಲೇರುವ ಮೊದಲು ನಡೆದು ನಡುಹಗಲು ನೆರಳಲ್ಲಿರಿ. ಅದು ಹುಲಿಗಳ ರಕ್ಷಿತಾರಣ್ಯ. ಬೆಂಕಿ ಹಾಕಬೇಡಿರಿ, ನೀರಿನ ಪ್ಲಾಸ್ಟಿಕ್ ಬಾಟಲಿ ಎಸೆಯಬೇಡಿರಿ. ಭೀಮನ ಕೊಳದಲ್ಲಿ ಒಂದು ಗಳಿಗೆ ಕುಳಿತು ಸುತ್ತ ನೋಡಿರಿ, ಯಾರಾದರೂ ಹಿಂದೆ ಉಳಿದಿದ್ದಾರೆಯೇ ಎಂದು. ಉಳಿದಿದ್ದರೆ ದರ್ಶನ ತಡವಾಗಲಿ, ಚಿಂತೆಯಿಲ್ಲ.

ಮಲ್ಲಯ್ಯ ನಿಮ್ಮನ್ನು ಸುಖವಾಗಿ ಕರೆದೊಯ್ದು ಸುಖವಾಗಿ ಮನೆಗೆ ಮುಟ್ಟಿಸಲಿ. ಎಲ್ಲರಿಗೂ ಶುಭವಾಗಲಿ.