ಗೋಡೆಯೊಳಗಿನ ದಾರಿ

ಈ ದಿನ ಕರೆಂಟಿನ ಬಗ್ಗೆ ನಾಲ್ಕು ಮಾತು ಆಡೋಣ ಅಂತ ಬಂದಿದ್ದೇವೆ. ನಾವು ಎಂಜಿನಿಯರುಗಳಲ್ಲ. ಲೈನ್‌ಮನ್‌ಗಳೂ ಅಲ್ಲ. ನಿಮ್ಮ ಹಾಗೆಯೇ ಸಂಜೆ ಹೊತ್ತು ಕೂತು ಅಕ್ಷರ ಕಲಿತ ಹೆಂಗಸರು. ನಮಗೆ ಒಂದು ಪೆಟ್ಟು ಬಿತ್ತು. ಆಮೇಲೆ ಬುದ್ಧಿ ಬಂತು. ನಿಮಗೆ ಪೆಟ್ಟು ಬೀಳದೆಯೇ ಆ ಬುದ್ಧಿ ಬರಲಿ ಅಂತ ಈ ಮಾತು.

ನಮ್ಮ ನಾಡಿಗೆ ಕರೆಂಟು ಬಂದು ನೂರು ವರ್ಷ ದಾಟಿದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿನಿಂದ ಕರೆಂಟು ತಯಾರಿಸಿ ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂತು. ನಮ್ಮಂಥವರ ಗುಡಿಸಲಿಗೆ ಬರಲು ಬಹಳ ಕಾಲ ಹಿಡಿಯಿತು. ಭಾಗ್ಯಜ್ಯೋತಿಯಲ್ಲಿ ಒಂದು ಬಲ್ಬು ಹತ್ತಿದಾಗ ಊರೇ ನೋಡಲು ಬಂದಿತ್ತು.

ಆಗ ವೈರು ಕಣ್ಣಿಗೆ ಕಾಣುತ್ತಿತ್ತು. ಗೋಡೆಯ ಮೇಲೆ ಮರದ ಪಟ್ಟಿ, ಪಟ್ಟಿಯ ಮೇಲೆ ವೈರು. ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ಮಗು ಕೂಡ ಹೇಳುತ್ತಿತ್ತು. ಈಗ ಹಾಗಿಲ್ಲ. ಗೋಡೆ ಕೊರೆದು, ಒಳಗೆ ಪೈಪು ಹಾಕಿ, ಮೇಲೆ ಸಿಮೆಂಟು ಮೆತ್ತುತ್ತಾರೆ. ನೋಡಲು ಚಂದ. ಆದರೆ ವೈರು ಯಾವ ಕಡೆ ಹೋಗಿದೆ? ಅದು ಗೋಡೆಗೆ ಮಾತ್ರ ಗೊತ್ತು.

ಆ ದಿನ ಏನಾಯಿತು?

ಜನವರಿ 3 ಸಾವಿತ್ರಿಬಾಯಿ ಫುಲೆಯವರು ಹುಟ್ಟಿದ ದಿನ. ಹೆಣ್ಣುಮಕ್ಕಳಿಗೆ ಓದು ಕಲಿಸಿದ ತಾಯಿ ಅವರು. ಅವರ ಪಟವನ್ನು ನಮ್ಮ ಕಲಿಕಾ ಕೇಂದ್ರದಲ್ಲಿ ಹಾಕಿದೆವು. ಸ್ವಿಚ್ ಬೋರ್ಡಿನಿಂದ ಒಂದು ಮೊಳ ಪಕ್ಕಕ್ಕೆ, ಸ್ವಲ್ಪ ಮೇಲೆ, ನಾವೇ ಒಂದು ಮೊಳೆ ಹೊಡೆದೆವು. ಕಬ್ಬಿಣದ ತಂತಿ ಕಟ್ಟಿ ಪಟ ತೂಗುಹಾಕಿದೆವು. ಆ ದಿನ ಏನೂ ಆಗಲಿಲ್ಲ. ದೀಪ ಎಂದಿನ ಹಾಗೆ ಉರಿಯಿತು.

ಆಷಾಢದ ಮಳೆ ಬಂತು. ಒಂದು ದಿನ ಮೋಡ ಕವಿದು ಹಗಲೇ ಕತ್ತಲಾಗಿತ್ತು. ಬಲ್ಬು ಹಾಕಿಕೊಂಡು ಕೋಣೆ ಒರೆಸುತ್ತಿದ್ದೆವು. ನಮ್ಮಲ್ಲಿ ಒಬ್ಬಳು ಪಟ ಒರೆಸಲು ಕೈ ಎತ್ತಿದಳು. ಬರಿಗಾಲು. ನೆಲ ಒದ್ದೆ. ಕೈಯೂ ಒದ್ದೆ. ಪಟದ ತಂತಿ ಹಿಡಿದಳು. ಅಷ್ಟೇ! ಕೈ ಅಂಟಿಕೊಂಡಿತು. ಬಾಯಿ ತೆರೆದಿದೆ, ಕೂಗು ಬರುತ್ತಿಲ್ಲ.

"ಆಫ್ ಮಾಡ್ರೇ, ಆಫ್ ಮಾಡ್ರೇ!" ಅಂತ ಎಲ್ಲರೂ ಕೂಗಿದೆವು. ಒಬ್ಬಳು ಬಾಗಿಲ ಹತ್ತಿರದ ದೊಡ್ಡ ಬೋರ್ಡಿಗೆ ಓಡಿದಳು. ಅಲ್ಲಿ ಸಾಲಾಗಿ ಎಂಟು ಸ್ವಿಚ್ಚು. ಒಂದರ ಮೇಲೂ ಹೆಸರಿಲ್ಲ. ಯಾವುದು ಈ ಕೋಣೆಯದು? ಯಾವುದು ಮೇನು? ಅವಳು ಒಂದು ಇಳಿಸಿದಳು. ಇನ್ನೊಂದು ಇಳಿಸಿದಳು. ಅಷ್ಟರಲ್ಲಿ ನಮ್ಮ ಅಜ್ಜಿಯೊಬ್ಬರು ಮೂಲೆಯಲ್ಲಿದ್ದ ಒಣ ಬಿದಿರು ಕೋಲು ತಂದು ಅವಳ ಕೈಗೆ ಜೋರಾಗಿ ಹೊಡೆದರು. ಕೈ ಬಿಟ್ಟಿತು. ಅವಳು ಬಿದ್ದಳು. ಮಣಿಕಟ್ಟು ಮುರಿಯಿತು. ಜೀವ ಉಳಿಯಿತು.

ಆಮೇಲೆ ನಮಗೆ ತಿಳಿಯಿತು. ಆ ಬಲ್ಬಿನ ಸ್ವಿಚ್ಚು ಆರಿಸಿದ್ದರೂ ಅವಳ ಕೈ ಬಿಡುತ್ತಿತ್ತು. ಅದು ಪಟದಿಂದ ಒಂದೇ ಮೊಳ ದೂರ ಇತ್ತು! ಗೋಡೆಯೊಳಗೆ ಯಾವ ವೈರು ಎಲ್ಲಿಗೆ ಹೋಗಿದೆ ಅಂತ ಗೊತ್ತಿಲ್ಲದಿದ್ದರೆ ಹತ್ತಿರದ ಸ್ವಿಚ್ಚೂ ದೂರವೇ.

"ಏನೂ ಇಲ್ಲ, ನಿಮ್ಮ ಭ್ರಮೆ"

ಮಾರನೆಯ ದಿನ ವೈರಿಂಗ್ ಕೆಲಸದವರು ಬಂದರು. ಬಿಸಿಲು ಬಂದಿತ್ತು. ಬಲ್ಬು ಹಾಕಿರಲಿಲ್ಲ. ಅವರು ಮೊಳೆಗೆ ಟೆಸ್ಟರು ಇಟ್ಟರು. ಟೆಸ್ಟರು ಹತ್ತಲಿಲ್ಲ. "ಏನೂ ಇಲ್ಲ ಕಣ್ರಮ್ಮ, ನಿಮ್ಮ ಭ್ರಮೆ" ಅಂದರು. ಭ್ರಮೆಯಿಂದ ಯಾರಿಗಾದರೂ ಕೈ ಮುರಿಯುತ್ತದೆಯೇ? ನಮ್ಮ ಅಜ್ಜಿ ಸುಮ್ಮನಿರಲಿಲ್ಲ. "ನಿನ್ನೆ ಬಲ್ಬು ಉರೀತಿತ್ತು, ಹಾಕಿ ನೋಡಪ್ಪ" ಅಂದರು. ಬಲ್ಬು ಹಾಕಿದರು. ಟೆಸ್ಟರು ಕೆಂಪಗೆ ಹೊಳೆಯಿತು.

ಏಕೆ ಹೀಗೆ? ಮೊಳೆ ತಾಗಿದ್ದು ಸ್ವಿಚ್ಚಿನಿಂದ ಬಲ್ಬಿಗೆ ಹೋಗುವ ವೈರಿಗೆ. ಸ್ವಿಚ್ಚು ಹಾಕಿದಾಗ ಮಾತ್ರ ಅದರಲ್ಲಿ ಕರೆಂಟು. ಆರಿಸಿದಾಗ ಇಲ್ಲ. ಅದಕ್ಕೇ ಎಲ್ಲಾದರೂ ಶಾಕ್ ಹೊಡೆದರೆ ನೆನಪಿಟ್ಟುಕೊಳ್ಳಿ. ಆಗ ಯಾವ ದೀಪ ಉರಿಯುತ್ತಿತ್ತು? ಯಾವ ಯಂತ್ರ ಓಡುತ್ತಿತ್ತು? ನೆಲ ಒದ್ದೆ ಇತ್ತೇ? ಕೆಲಸದವರಿಗೆ ಇದನ್ನು ಹೇಳಿ. ನಾವು ಕಂಡದ್ದು ಅವರು ಕಂಡಿರುವುದಿಲ್ಲ.

ಈಗ ಅವರು ಒಪ್ಪಿದರು. ಆದರೆ ಏನಂದರು? "ಪೈಪು ಎಲ್ಲಿ ಹೋಗಿದೆಯೋ ಗೊತ್ತಿಲ್ಲ. ಬೋರ್ಡಿನಿಂದ ಸೂರಿನವರೆಗೆ ಗೋಡೆ ಒಡೀಬೇಕು." ಅಷ್ಟು ಹಣ ಸಂಘದಲ್ಲಿ ಇರಲಿಲ್ಲ. ಕೋಣೆಯ ಲೈನು ಆರಿಸಿ ಲಾಟೀನು ಇಟ್ಟುಕೊಂಡು ಓದಿದೆವು.

ಹುಡುಗಿ ತಂದ ಪೆಟ್ಟಿಗೆ

ಪಕ್ಕದ ಊರಿನಲ್ಲಿ ಒಬ್ಬ ಹುಡುಗಿ ಇದ್ದಾಳೆ. ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಕಲಿತವಳು. ಅವಳು ಒಂದು ಯಂತ್ರ ತಂದಳು. ಅದಕ್ಕೆ ವೈರ್ ಟ್ರೇಸರ್ ಅನ್ನುತ್ತಾರೆ. ಅಂದರೆ ವೈರಿನ ಜಾಡು ಹಿಡಿಯುವ ಯಂತ್ರ. ಅದರಲ್ಲಿ ಎರಡು ಭಾಗ. ಒಂದು ಸಣ್ಣ ಪೆಟ್ಟಿಗೆ. ಇನ್ನೊಂದು ಕೈಯಲ್ಲಿ ಹಿಡಿಯುವ ಕಡ್ಡಿ. ಪೆಟ್ಟಿಗೆ ವೈರಿನೊಳಗೆ ಒಂದು ಸುಳಿವನ್ನು ಕಳಿಸುತ್ತದೆ. ಅದು ನಮ್ಮ ಕಿವಿಗೆ ಕೇಳುವುದಿಲ್ಲ. ಕಡ್ಡಿಗೆ ತಿಳಿಯುತ್ತದೆ. ವೈರು ಹತ್ತಿರ ಇದ್ದರೆ ಕಡ್ಡಿ ಪೀಂ ಪೀಂ ಅಂತ ಜೋರಾಗಿ ಕೂಗುತ್ತದೆ. ದೂರ ಹೋದರೆ ಸದ್ದು ಸಣ್ಣಗಾಗುತ್ತದೆ.

ಅವಳು ಮೊದಲು ಏನು ಮಾಡಿದಳು, ಕೇಳಿ. ಕರೆಂಟು ಇರುವ ಒಂದು ಪ್ಲಗ್ಗಿಗೆ ಟೆಸ್ಟರು ಇಟ್ಟಳು. ಹೊಳೆಯಿತು. ಟೆಸ್ಟರು ಸರಿ ಇದೆ ಅಂತ ಆಯಿತು. ಆಮೇಲೆ ಮೇನು ಇಳಿಸಿದಳು. ಮತ್ತೆ ಟೆಸ್ಟರು ಇಟ್ಟಳು. ಹೊಳೆಯಲಿಲ್ಲ. ಮೀಟರು ಇಟ್ಟು ಇನ್ನೊಮ್ಮೆ ನೋಡಿದಳು. ಆಮೇಲೆಯೇ ವೈರು ಮುಟ್ಟಿದಳು. "ಟೆಸ್ಟರೂ ಒಮ್ಮೊಮ್ಮೆ ಸುಳ್ಳು ಹೇಳುತ್ತೆ ಅಕ್ಕಾ. ಅದನ್ನೊಂದೇ ನಂಬಬಾರದು" ಅಂದಳು.

ಬಲ್ಬಿನ ವೈರನ್ನು ಎರಡೂ ಕಡೆ ಬಿಚ್ಚಿದಳು. ಪೆಟ್ಟಿಗೆಯ ಒಂದು ಕ್ಲಿಪ್ಪನ್ನು ಆ ವೈರಿಗೆ ಸಿಕ್ಕಿಸಿದಳು. ಇನ್ನೊಂದನ್ನು ಉದ್ದ ವೈರಿನಿಂದ ಹೊರಗಿನ ಅರ್ಥ್ ಪೈಪಿಗೆ ಸೇರಿಸಿದಳು. ಕಡ್ಡಿ ಹಿಡಿದು ಗೋಡೆಯ ಮೇಲೆ ಮೆಲ್ಲಗೆ ಆಡಿಸಿದಳು. ಅಜ್ಜಿ ನಕ್ಕರು. "ಇದೇನವ್ವಾ, ಡಾಕ್ಟರಮ್ಮ ಎದೆಗೆ ನಳಿಗೆ ಇಟ್ಟಂಗೆ ಇಡ್ತೀಯಲ್ಲ!"

ಸದ್ದು ಬಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕುತ್ತಾ ಹೋದಳು. ನಾವು ಬಾಯಿ ಬಿಟ್ಟು ನೋಡಿದೆವು. ವೈರು ಬೋರ್ಡಿನಿಂದ ನೆಟ್ಟಗೆ ಮೇಲೆ ಹೋಗಿರಲಿಲ್ಲ. ಓರೆಯಾಗಿ ಹೋಗಿತ್ತು. ಸುಣ್ಣದ ಗೆರೆ ಸರಿಯಾಗಿ ನಮ್ಮ ಮೊಳೆಯ ಮೇಲೆ ಹಾದುಹೋಯಿತು!

ಮೊಳೆ ಕಿತ್ತಳು. ಅಂಗೈ ಅಗಲ ಸಿಮೆಂಟು ಒಡೆದಳು. ಪೈಪಿನಲ್ಲಿ ತೂತು. ಹಳೆಯ ವೈರಿನ ತುದಿಗೆ ಹೊಸ ವೈರು ಕಟ್ಟಿ ಎಳೆದಳು. ಹಳೆಯದು ಹೊರಗೆ ಬಂತು, ಹೊಸದು ಒಳಗೆ ಹೋಯಿತು. ಹಳೆಯ ವೈರಿನ ಸಿಪ್ಪೆ ಸೀಳಿ ತಾಮ್ರ ಕಾಣುತ್ತಿತ್ತು. ಗೋಡೆ ಉಳಿಯಿತು. ಹಣವೂ ಉಳಿಯಿತು.

ಅದೇ ಕೋಣೆಯ ಫ್ಯಾನು ವರ್ಷದಿಂದ ತಿರುಗುತ್ತಿರಲಿಲ್ಲ. ಅದರ ವೈರಿಗೂ ಪೆಟ್ಟಿಗೆ ಸಿಕ್ಕಿಸಿದಳು. ಸದ್ದು ಸ್ವಲ್ಪ ದೂರ ಹೋಗಿ ಗಕ್ಕನೆ ನಿಂತಿತು. ಅಲ್ಲಿ ತಟ್ಟಿದರೆ ಪೊಳ್ಳು ಸದ್ದು. ಸಿಮೆಂಟಿನ ಅಡಿಯಲ್ಲಿ ಒಂದು ಡಬ್ಬಿ ಇತ್ತು. ಅದರೊಳಗೆ ವೈರಿನ ಗಂಟು ಬಿಚ್ಚಿಹೋಗಿತ್ತು. ಸದ್ದು ನಿಂತ ಕಡೆಯೇ ವೈರು ತುಂಡು.

ಈ ಯಂತ್ರಕ್ಕೂ ಮಿತಿ ಇದೆ. ಕಬ್ಬಿಣದ ಪೈಪಿನೊಳಗೆ ವೈರು ಇದ್ದರೆ ಸುಳಿವು ಸರಿಯಾಗಿ ಸಿಗುವುದಿಲ್ಲ. ಪಕ್ಕಪಕ್ಕದ ವೈರುಗಳಿಗೂ ಸದ್ದು ಹರಡುತ್ತದೆ. ಆಗ ಕಡ್ಡಿಯ ಶಕ್ತಿ ಕಡಿಮೆ ಮಾಡಿ, ಎಲ್ಲಕ್ಕಿಂತ ಜೋರು ಸದ್ದು ಎಲ್ಲಿದೆ ಅಂತ ನೋಡಬೇಕು. ಕೆಲವು ಟ್ರೇಸರುಗಳನ್ನು ಕರೆಂಟು ಇಲ್ಲದ ವೈರಿಗೆ ಮಾತ್ರ ಸಿಕ್ಕಿಸಬೇಕು. ಕರೆಂಟು ಇರುವುದಕ್ಕೆ ಸಿಕ್ಕಿಸಿದರೆ ಯಂತ್ರ ಸುಡುತ್ತದೆ, ಕೈಯೂ ಸುಡುತ್ತದೆ. ಇದು ಕಲಿತವರ ಕೆಲಸ. ನಾವು ನೀವು ಮಾಡುವುದಲ್ಲ. ಆದರೆ ಹೀಗೊಂದು ಯಂತ್ರ ಇದೆ ಅಂತ ಗೊತ್ತಿರಲಿ. ಯಾರಾದರೂ "ಗೋಡೆಯೆಲ್ಲ ಒಡೀಬೇಕು" ಅಂದರೆ, "ಟ್ರೇಸರು ಇಟ್ಟು ನೋಡಿದ್ದೀರಾ?" ಅಂತ ಕೇಳಿ.

ಸ್ವಿಚ್ಚು ತಾನೇ ಏಕೆ ಬೀಳಲಿಲ್ಲ?

ನಾವು ಆ ಹುಡುಗಿಯನ್ನು ಕೇಳಿದೆವು. "ದೊಡ್ಡ ಬೋರ್ಡಿನಲ್ಲಿ ಎಂಸಿಬಿ ಇದೆಯಲ್ಲ. ಶಾಕ್ ಹೊಡೆದಾಗ ಅದು ತಾನೇ ಏಕೆ ಬೀಳಲಿಲ್ಲ?"

ಎಂಸಿಬಿ ಮೇಲೆ 6, 10, 16 ಅಂತ ಅಂಕಿ ಇರುತ್ತದೆ. ಅದು ಎಷ್ಟು ಆಂಪಿಯರ್ ಅನ್ನುವ ಲೆಕ್ಕ. ಅದಕ್ಕಿಂತ ಹೆಚ್ಚು ಕರೆಂಟು ಹರಿದರೆ, ವೈರು ವೈರಿಗೆ ತಾಗಿದರೆ, ಅದು ಬೀಳುತ್ತದೆ. ವೈರು ಸುಡದ ಹಾಗೆ, ಮನೆಗೆ ಬೆಂಕಿ ಬೀಳದ ಹಾಗೆ ಕಾಯುತ್ತದೆ. ಆದರೆ ಮನುಷ್ಯರ ಜೀವ ತೆಗೆಯಲು ಅಷ್ಟು ಕರೆಂಟು ಬೇಕಿಲ್ಲ. ಅದರಲ್ಲಿ ಬಹಳ ಸಣ್ಣ ಪಾಲು ಸಾಕು.

ಜೀವ ಕಾಯಲು ಬೇರೆ ಸ್ವಿಚ್ಚು ಇದೆ. ಅದರ ಹೆಸರು ಆರ್‌ಸಿಸಿಬಿ. ಮನೆಗೆ ಹಾಕುವುದು 30 ಮಿಲಿ ಆಂಪಿಯರಿನದು. 6 ಆಂಪಿಯರ್ ಅಂದರೆ 6000 ಮಿಲಿ ಆಂಪಿಯರ್. ಅಂದರೆ ಇದು 200 ಪಟ್ಟು ಸೂಕ್ಷ್ಮ. ಇದರ ಕೆಲಸ ಹಾಲಿನ ಲೆಕ್ಕದ ಹಾಗೆ. ಮನೆಯಿಂದ 5 ಲೀಟರ್ ಹೋಯಿತು, ಡೇರಿಯಲ್ಲಿ 4 ಲೀಟರ್ ಬರೆದರು. ಮಧ್ಯೆ ಎಲ್ಲೋ ಸೋರಿದೆ ಅಂತ ನಮಗೆ ತಿಳಿಯುತ್ತದೆ, ಅಲ್ಲವೇ? ಹಾಗೆಯೇ ಹೋದ ಕರೆಂಟು, ತಿರುಗಿ ಬಂದ ಕರೆಂಟು ಎರಡನ್ನೂ ಇದು ತೂಗುತ್ತದೆ. ವ್ಯತ್ಯಾಸ ಬಂದರೆ ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ನಮ್ಮ ಬೋರ್ಡಿನಲ್ಲಿ ಇದು ಇರಲಿಲ್ಲ. ಸಂಘದ ಉಳಿತಾಯದಿಂದ ಹಾಕಿಸಿದೆವು. ಅರ್ಥಿಂಗನ್ನೂ ಸರಿ ಮಾಡಿಸಿದೆವು. ಆರ್‌ಸಿಸಿಬಿಯಲ್ಲಿ ಒಂದು ಸಣ್ಣ ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಅದನ್ನು ಒತ್ತಿ. ಸ್ವಿಚ್ಚು ಬಿದ್ದರೆ ಸರಿ ಇದೆ ಅಂತ ಅರ್ಥ. ಬೀಳದಿದ್ದರೆ ಕೆಲಸದವರನ್ನು ಕರೆಯಿರಿ.

ನಾವೇ ಮಾಡಬಹುದಾದ ಕೆಲಸ

ಟ್ರೇಸರು ಇಲ್ಲದಿದ್ದರೂ ಒಂದು ಜಾಡು ಹಿಡಿಯಬಹುದು. ಯಾವ ಸ್ವಿಚ್ಚು ಯಾವ ಕೋಣೆಯದು ಅನ್ನುವ ಜಾಡು. ಇದಕ್ಕೆ ವೈರು ಮುಟ್ಟಬೇಕಾಗಿಲ್ಲ. ಏನನ್ನೂ ಬಿಚ್ಚಬೇಕಾಗಿಲ್ಲ. ಹಗಲು ಹೊತ್ತು ಕೈ ಒರೆಸಿಕೊಂಡು, ಕಾಲಿಗೆ ಚಪ್ಪಲಿ ಮೆಟ್ಟಿ ನಿಲ್ಲಿ. ಮನೆಯ ದೀಪ, ಫ್ಯಾನು ಎಲ್ಲ ಹಾಕಿ. ಪ್ಲಗ್ಗಿಗೆ ಒಂದು ರೇಡಿಯೋ ಸಿಕ್ಕಿಸಿ ಜೋರಾಗಿ ಹಚ್ಚಿ. ದೊಡ್ಡ ಬೋರ್ಡಿನಲ್ಲಿ ಒಂದು ಸ್ವಿಚ್ಚು ಇಳಿಸಿ. "ಏನು ಆರಿತು?" ಅಂತ ಕೂಗಿ ಕೇಳಿ. ಮಕ್ಕಳು ಓಡಿ ನೋಡಿ ಹೇಳುತ್ತಾರೆ. ಆರಿದ್ದನ್ನು ಪಾಟಿಯಲ್ಲಿ ಬರೆದುಕೊಳ್ಳಿ. ಮತ್ತೆ ಮೇಲೆತ್ತಿ. ಮುಂದಿನದನ್ನು ಇಳಿಸಿ.

ಒಂದು ವೇಳೆ ಆರ್‌ಸಿಸಿಬಿ ಪದೇ ಪದೇ ಬಿದ್ದರೆ? ಸ್ವಿಚ್ಚು ಎಲ್ಲ ಇಳಿಸಿ. ಆರ್‌ಸಿಸಿಬಿ ಎತ್ತಿ. ಆಮೇಲೆ ಒಂದೊಂದನ್ನೇ ಎತ್ತಿ. ಯಾವುದನ್ನು ಎತ್ತಿದಾಗ ಬೀಳುತ್ತದೋ, ಬಹಳ ಸಲ ಆ ಕಡೆಯೇ ಸೋರಿಕೆ. ಅದನ್ನು ಇಳಿಸಿಟ್ಟು ಕೆಲಸದವರಿಗೆ ತೋರಿಸಿ. ಮತ್ತೆ ಮತ್ತೆ ಬಲವಂತವಾಗಿ ಎತ್ತಬೇಡಿ. ಫ್ಯೂಸಿಗೆ ದಪ್ಪ ತಂತಿ ಕಟ್ಟಬೇಡಿ.

ಕಂಬದಿಂದ ಮೀಟರಿನವರೆಗಿನ ವೈರಿನ ತಂಟೆಗೆ ಹೋಗಲೇಬೇಡಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಸುಳಿಯಬೇಡಿ. ದನಕರು, ಮಕ್ಕಳನ್ನೂ ಬಿಡಬೇಡಿ. 1912ಕ್ಕೆ ಫೋನು ಮಾಡಿ. ಮನೆಯಲ್ಲಿ ಯಾರಿಗಾದರೂ ಶಾಕ್ ಹೊಡೆದರೆ ಬರಿಗೈಯಲ್ಲಿ ಮುಟ್ಟಬೇಡಿ. ಮೊದಲು ಮೇನು ಇಳಿಸಿ. ಆಗದಿದ್ದರೆ ಒಣ ಮರದ ಕೋಲಿನಿಂದ ಬಿಡಿಸಿ. 108ಕ್ಕೆ ಫೋನು ಮಾಡಿ.

ಹೆಸರು ಬರೆಯಿರಿ

ಕೊನೆಯ ಮಾತು. ಆ ಹುಡುಗಿ ಕೆಲಸ ಮುಗಿಸಿ ಹೊರಟಾಗ ಅಜ್ಜಿ ತಡೆದರು. "ನಿಲ್ಲವ್ವಾ. ಆವತ್ತು ಬೋರ್ಡಿನ ಮುಂದೆ ನಾವು ಕುರುಡರ ಹಂಗೆ ನಿಂತಿದ್ದೋ. ಓದಕ್ಕೆ ಬರೋದು, ಓದಕ್ಕೆ ಅಲ್ಲಿ ಏನೂ ಇರಲಿಲ್ಲ." ಅಂದು ಬಿಳಿ ಕಾಗದ ಕತ್ತರಿಸಿದೆವು. ಕೈ ಮುರಿದವಳು ಎಡಗೈಯಲ್ಲಿ ಗೋಂದು ಹಚ್ಚಿಕೊಟ್ಟಳು. ನಾವು ಒಬ್ಬೊಬ್ಬರು ಒಂದೊಂದು ಹೆಸರು ಬರೆದೆವು. ಮೇನು. ಓದುವ ಕೋಣೆ. ಅಡುಗೆ ಕೋಣೆ. ಫ್ಯಾನು. ಹೊರಗಿನ ದೀಪ. ನೀರಿನ ಪಂಪು. ಎರಡು ಸ್ವಿಚ್ಚಿಗೆ ಏನೂ ಸೇರಿರಲಿಲ್ಲ. ಅವಕ್ಕೂ "ಖಾಲಿ" ಅಂತ ಬರೆದೆವು. ಮೇನು ಅನ್ನುವುದನ್ನು ಕೆಂಪು ಶಾಯಿಯಲ್ಲಿ ದೊಡ್ಡದಾಗಿ ಬರೆದದ್ದು ಅಜ್ಜಿ. ಒತ್ತಕ್ಷರ ಇಲ್ಲ, ಸುಲಭ ಅಂತ ಅದನ್ನೇ ಆರಿಸಿಕೊಂಡರು.

ನೀವೂ ಈ ವಾರ ನಿಮ್ಮ ಮನೆಯ ಬೋರ್ಡಿಗೆ ಹೆಸರು ಬರೆಯಿರಿ. ಅಕ್ಷರ ಸೊಟ್ಟ ಆದರೂ ಚಿಂತೆ ಇಲ್ಲ. ಕತ್ತಲಲ್ಲಿ, ಗಾಬರಿಯಲ್ಲಿ ಓಡಿ ಬಂದವರಿಗೆ ಓದಲು ಸಿಕ್ಕರೆ ಸಾಕು.