ರೋಗಿಯ ಹಾಸಿಗೆಯ ಬಳಿ



ಉಸಿರಾಟದ ಯಂತ್ರವನ್ನು ಮುಂದುವರಿಸಬೇಕೇ, ನಿಲ್ಲಿಸಬೇಕೇ ಎಂದು ವೈದ್ಯರು ಕೇಳಿದಾಗ ನಮ್ಮ ಕುಟುಂಬಗಳು ಪಾಪಭೀತಿಯಿಂದ ತತ್ತರಿಸುವುದನ್ನು ನಾವು ಕಂಡಿದ್ದೇವೆ. ಅರಿವಳಿಕೆ ತಜ್ಞರ ಇದೇ ಪ್ರಶ್ನೆಗೆ ಜಗದ್ಗುರು ಹನ್ನೆರಡನೆಯ ಪಿಯುಸ್‌ರವರು 1957ರ ನವೆಂಬರ್ 24ರಂದು ಉತ್ತರವಿತ್ತರು: ಪ್ರಾಣರಕ್ಷಣೆಗೆ ಸಾಧಾರಣ ಉಪಾಯಗಳನ್ನು ಕೈಗೊಳ್ಳುವುದು ಕರ್ತವ್ಯ, ತನಗೂ ಪರರಿಗೂ ಅತಿಭಾರವಾಗುವ ಅಸಾಧಾರಣ ಉಪಾಯಗಳು ಕಡ್ಡಾಯವಲ್ಲ, ರೋಗಿಯ ಸಮ್ಮತಿಯ ಹೊರತು ವೈದ್ಯನಿಗೆ ಪ್ರತ್ಯೇಕ ಅಧಿಕಾರವಿಲ್ಲ. ಕೊಲ್ಲುವುದು ಬೇರೆ, ಸಮೀಪಿಸಿದ ಮರಣಕ್ಕೆ ತಲೆಬಾಗುವುದು ಬೇರೆ ಎಂಬುದನ್ನು ಧರ್ಮಸಭೆಯ 1980ರ ಘೋಷಣೆಯೂ ಸ್ಪಷ್ಟಪಡಿಸಿತು.

ಆದುದರಿಂದ ವೈದ್ಯರು ಗುಣದ ಸಂಭವವೆಷ್ಟು, ವೇದನೆಯೆಷ್ಟು, ವೆಚ್ಚವೆಷ್ಟು ಎಂಬುದನ್ನು ಮುಚ್ಚಿಡದೆ ತಿಳಿಸಲಿ. ಮನೆಯವರು ರೋಗಿಯ ಇಚ್ಛೆಯನ್ನು ಪ್ರಜ್ಞೆಯಿರುವಾಗಲೇ ಕೇಳಿಕೊಳ್ಳಲಿ. ಯಂತ್ರ ನಿಂತರೂ ನೋವಿಗೆ ಔಷಧ, ತುಟಿಗೆ ನೀರಿನ ತೇವ, ಬಳಿಯಲ್ಲೊಂದು ಪ್ರಾರ್ಥನೆ ನಿಲ್ಲಕೂಡದು. ಅಭ್ಯಂಗ ಸಂಸ್ಕಾರಕ್ಕೆ ಕೊನೆಯುಸಿರಿನವರೆಗೆ ಕಾಯದೆ ಕರೆಯಿರಿ, ನಾವು ಬರುವೆವು.